ರ‍್ಯಾಂಕಿಗೊಬ್ಬ ನಾಮಿನಿ

ನೌಕಾಪಡೆಯಲ್ಲಿ ಒಬ್ಬ ಮನುಷ್ಯನಿಗೆ ಸಿಗುವುದೆಲ್ಲ ಅವನೊಬ್ಬನಿಗೇ ಸಿಗುವುದಿಲ್ಲ. ಆಸ್ಪತ್ರೆಯ ಕಾರ್ಡು ಹೆಂಡತಿಗೂ ಸಲ್ಲುತ್ತದೆ. ಕ್ಯಾಂಟೀನಿನ ಸಾಬೂನು ಮಗಳ ಮೈಗೂ ನೊರೆ ಕೊಡುತ್ತದೆ. ಪಿಂಚಣಿಯಂತೂ ಅವನು ಸತ್ತ ಮೇಲೂ ಮನೆಯ ದಾರಿ ಮರೆಯುವುದಿಲ್ಲ. ಇಷ್ಟಕ್ಕೆಲ್ಲ ಡಿಪೆಂಡೆಂಟ್ ಎಂಬ ಒಂದು ಪದ ಸಾಕು. ಹಾವೇರಿ ಕಡೆಯ ಶಿವಲಿಂಗಪ್ಪನವರು ವಿಶಾಖಪಟ್ಟಣದ ನೌಕಾನೆಲೆಯ ಸ್ಟೋರಿನಲ್ಲಿ ಬೋಲ್ಟು, ಬಣ್ಣ, ಹಗ್ಗಗಳನ್ನು ಕಾಯ್ದು ನಿವೃತ್ತರಾದಾಗ ಲೋಕದ ಬಗ್ಗೆ ಅವರಿಗಿದ್ದ ತಿಳಿವಳಿಕೆ ಇಷ್ಟೇ: ಒಬ್ಬ ಗಳಿಸುತ್ತಾನೆ, ಅವನ ಡಿಪೆಂಡೆಂಟರು ಅನುಭವಿಸುತ್ತಾರೆ. ಈ ಕಾನೂನು ನಡೆಯದ ಜಾಗಗಳೂ ಭೂಮಿಯ ಮೇಲಿವೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಮಗಳು ಲಾವಣ್ಯಾ ಬಿ.ಕಾಂ. ಮುಗಿಸಿ, ಲಾ ಓದುತ್ತೇನೆ ಎಂದಳು. ಹೆಚ್ಚು ಮಾತಿನ ಹುಡುಗಿಯಲ್ಲ. ಕೋರ್ಟಿನ ಮುಂದೆ ಸಿಟಿ ಬಸ್ಸು ನಿಂತಾಗಲೆಲ್ಲ ಕಿಟಕಿಯ ಕಡೆ ಸರಿದು ಕೂರುತ್ತಿದ್ದಳು, ಅಷ್ಟೇ. ಆ ಹೊತ್ತಿಗೆ ಋಷಿಕೊಂಡದ ಗುಡ್ಡದ ಮೇಲಿನ ಒಂದು ಕಂಪನಿ ಅವಳನ್ನು ಕೆಲಸಕ್ಕೆ ಆರಿಸಿಯಾಗಿತ್ತು. ಯಾವುದೋ ದೇಶದ ರೋಗಿಗಳ ಆಸ್ಪತ್ರೆ ಬಿಲ್ಲುಗಳನ್ನು ಇಲ್ಲಿ ಕೂತು ತಿದ್ದುವ ಕೆಲಸ. ಲಾ ಪ್ರವೇಶ ಪರೀಕ್ಷೆಯ ಫಲಿತಾಂಶ ಬರುವವರೆಗೆ ಕಾಯುತ್ತೇವೆ ಎಂದಿದ್ದರು.

ತಾಯಿ ಮಂಗಳಾಗೌರಿ ಅಡುಗೆಮನೆಯಿಂದಲೇ ತೀರ್ಪು ಕೊಟ್ಟರು. “ಈ ವರ್ಷ ಸರಕಾರಿ ಕಾಲೇಜಿನ್ಯಾಗ ಸೀಟು ಬಂತೋ, ಓದು. ಬರಲಿಲ್ಲೋ, ಸುಮ್ಮನ ಗುಡ್ಡ ಹತ್ತು. ಮುಂದಿನ ವರ್ಷ ಮತ್ತ ಬರೀತೀನಿ ಅನ್ನೂದಿಲ್ಲ.”

“ಸರೇ ಅಮ್ಮಾ,” ಎಂದಳು ಲಾವಣ್ಯಾ. ಅವಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಕನ್ನಡ ಅವಳಿಗೆ ಮನೆಯೊಳಗಿನ ಚಪ್ಪಲಿ ಇದ್ದಂತೆ. ಹೊಸ್ತಿಲು ದಾಟಿದರೆ ತೆಲುಗು.

ಶಿವಲಿಂಗಪ್ಪನವರು ಮಂಚದ ಮೇಲೆ ಮಲಗಿ ಛಾವಣಿ ನೋಡಿದರು. ಛಾವಣಿಯಲ್ಲಿ ಅವರಿಗೆ ಉಪಾಯ ಕಾಣಿಸಿತು. ನೌಕರಿಯಲ್ಲಿದ್ದಾಗ ಅಂಚೆ ಮೂಲಕ ಮಾಡಿದ ಬಿ.ಎ. ಟ್ರಂಕಿನ ತಳದಲ್ಲಿ ಸುಮ್ಮನೆ ಮಲಗಿದೆಯಲ್ಲ?

“ನಾನೂ ಬರೀತೀನಿ.”

“ಏನು ಬರೀತೀರಿ?”

“ಅದ, ಲಾ ಪರೀಕ್ಷಾ. ಇಬ್ಬರು ಬರದ್ರ ಒಬ್ಬರದರ ಆಗತೈತಿ. ಮನಿಗೆ ಸೀಟು ಬಂದ್ರ ಸಾಕಲ್ಲ?”

ನಿವೃತ್ತಿಯ ಮೇಲೆ ಗಂಡಸರಿಗೆ ಬರುವ ಹುಚ್ಚುಗಳ ಬಗ್ಗೆ ಮಂಗಳಾಗೌರಿ ಸಾಕಷ್ಟು ಕೇಳಿದ್ದರು. ಯೋಗ, ಜೇನು ಸಾಕಣೆ, ರಾಜಕೀಯ. ಇದು ಅಗ್ಗದ್ದೆಂದು ಸುಮ್ಮನಾದರು. ಅಪ್ಪನಿಗೂ ಓದುವ ಆಸೆಯಿದೆ ಎಂದು ಲಾವಣ್ಯಾ ಸಂತೋಷಪಟ್ಟಳು. ತಾವು ದುಡಿದು ತಂದ ರ‍್ಯಾಂಕನ್ನು ಮಗಳ ಹೆಸರಿಗೆ ಮಾಡಿಸಲಿರುವುದನ್ನು ಮನೆಯವರೆಲ್ಲ ಅರ್ಥ ಮಾಡಿಕೊಂಡಿದ್ದಾರೆ ಎಂದು ಶಿವಲಿಂಗಪ್ಪನವರು ತಿಳಿದರು. ಆ ಮನೆಯಲ್ಲಿ ಅಂದು ಮೂವರೂ ನೆಮ್ಮದಿಯಿಂದ ಊಟ ಮಾಡಿದರು.

ಆದರೂ ಸ್ಟೋರಿನ ಮನುಷ್ಯ ಖಾತ್ರಿಯಿಲ್ಲದೆ ಏನೂ ಮಾಡುವುದಿಲ್ಲ. ಎದುರು ಫ್ಲ್ಯಾಟಿನ ಸತ್ಯಮೂರ್ತಿಯವರ ಹತ್ತಿರ ಹೋದರು. ಸತ್ಯಮೂರ್ತಿ ಕಂದಾಯ ಇಲಾಖೆಯಿಂದ ನಿವೃತ್ತರಾದವರು. ನೌಕರಿಯುದ್ದಕ್ಕೂ ಯಾರಿಗೂ ಆಗುವುದಿಲ್ಲ ಎಂದವರಲ್ಲ; ಯಾರ ಕೆಲಸ ಮಾಡಿಕೊಟ್ಟವರೂ ಅಲ್ಲ.

“ಸತ್ಯಮೂರ್ತಿ ಗಾರೂ, ಒಬ್ಬರಿಗೆ ಬಂದ ರ‍್ಯಾಂಕು ಮನೆಯ ಇನ್ನೊಬ್ಬರಿಗೆ ಸಲ್ಲುತ್ತದೇನು?”

ಸತ್ಯಮೂರ್ತಿ ಕಣ್ಣು ಮುಚ್ಚಿ, ಹಳೆಯ ಆಫೀಸನ್ನು ನೆನಪಿಸಿಕೊಂಡರು. “ಯಾಕೆ ಸಲ್ಲಬಾರದು ಅಂಡಿ? ಒಂದು ಅರ್ಜಿ ಕೊಡಿ. ಕೊಟ್ಟು ನೋಡೋದರಲ್ಲಿ ತಪ್ಪೇನಿದೆ?”

ಶಿವಲಿಂಗಪ್ಪನವರು ಇದನ್ನು ಸರ್ಕಾರಿ ಆದೇಶವೆಂದು ಮನಸ್ಸಿನಲ್ಲಿ ಫೈಲು ಮಾಡಿಕೊಂಡರು. ಕೋಚಿಂಗ್ ಸೆಂಟರಿನ ಕೌಂಟರಿನಲ್ಲೂ ಕೇಳಿದರು. ಅಲ್ಲಿನ ಹುಡುಗಿ ಫೋನಿನಿಂದ ತಲೆಯೆತ್ತದೆ, “ಎಲ್ಲಾ ಕವರ್ ಆಗುತ್ತೆ ಸರ್,” ಎಂದಳು.

ಮನೆಯಲ್ಲಿದ್ದದ್ದು ಒಂದೇ ಮೇಜು. ಅದು ಹಿರಿಯ ಅಭ್ಯರ್ಥಿಗೆ ಹೋಯಿತು. ಲಾವಣ್ಯಾ ಅಡುಗೆಮನೆಯ ಕಟ್ಟೆಯ ಮೇಲೆ, ಕುಕ್ಕರಿಗೆ ಪುಸ್ತಕ ಒರಗಿಸಿ ಓದಿದಳು. ಸಂಜೆ ಅಪ್ಪನಿಗೆ ಪಾಠ. ಸಂವಿಧಾನ, ಸಾಮಾನ್ಯ ಜ್ಞಾನ ಎಲ್ಲ ಮುಗಿಸಿ ಕಾನೂನಿನ ತರ್ಕಕ್ಕೆ ಬಂದಾಗ ಆಶ್ಚರ್ಯವೊಂದು ಕಾದಿತ್ತು. ಅದರಲ್ಲಿ ಒಂದು ನಿಯಮ ಕೊಟ್ಟಿರುತ್ತಾರೆ, ಕೆಳಗೆ ಒಂದು ಸಂಗತಿ. ನಿಯಮ ಎಷ್ಟೇ ತಲೆಹರಟೆಯದಾದರೂ ನಿಜವೆಂದುಕೊಂಡು ಉತ್ತರ ಹೇಳಬೇಕು. ಬುದ್ಧಿವಂತರಿಗೆ ಇದು ಕಷ್ಟ. ಶಿವಲಿಂಗಪ್ಪನವರು ಜೀವಮಾನವಿಡೀ ಮಾಡಿದ್ದೇ ಅದು.

“ಸಾಕಿದ ಪ್ರಾಣಿಯಿಂದ ಆದ ನಷ್ಟಕ್ಕೆ ಒಡೆಯನೇ ಹೊಣೆ,” ಲಾವಣ್ಯಾ ಓದಿದಳು. “ಒಬ್ಬರ ಮೇಕೆ ಪಕ್ಕದ ಮನೆಯ ತೋಟ ತಿಂದಿದೆ. ಆದರೆ ಅಪ್ಪಾ, ತೋಟದ ಗೇಟು ಯಾರು ತೆರೆದಿಟ್ಟಿದ್ದು? ಅದನ್ನ ಹೇಳೇ ಇಲ್ಲ ಇದರಲ್ಲಿ.”

“ಗೇಟಿನ ಸುದ್ದಿ ಯಾಕ ನಮಗ? ಮೇಕಿ ತಿಂತು. ಒಡೆಯ ಕೊಟ್ಟ. ಮುಂದಿಂದು ಓದು.”

ಅವಳು ಗೇಟಿನ ಬಗ್ಗೆ ಯೋಚಿಸುತ್ತ ಉಳಿದಳು. ಅಪ್ಪ ಮುಂದಿನ ಪುಟಕ್ಕೆ ಹೋದರು. ನಿಜವಾದ ವಕೀಲರಿಗೆ ಬೇಕಾದ್ದು ಯಾರಲ್ಲಿತ್ತು, ಪರೀಕ್ಷೆಗೆ ಬೇಕಾದ್ದು ಯಾರಲ್ಲಿತ್ತು ಎಂಬುದು ಆಗಲೇ ಸ್ಪಷ್ಟವಾಗಿತ್ತು. ನೋಡುವವರಿರಲಿಲ್ಲ, ಅಷ್ಟೇ.

ಸುದ್ದಿ ಸಿಂಹಾಚಲಂ ಬೆಟ್ಟದ ಕೆಳಗಿನ ಆ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಮೇಲೆ ಕೆಳಗೆ ಓಡಾಡಿತು. ಒಂದು ವಾರದೊಳಗೆ ಸತ್ಯಮೂರ್ತಿ ಅವರನ್ನು “ಲಾಯರ್ ಗಾರೂ” ಎಂದು ಕರೆಯತೊಡಗಿದರು. ಮೇಲಿನ ಮನೆಯ ಎ.ಸಿ. ನೀರು ಕೆಳಗಿನ ಮನೆಯ ಸಂಡಿಗೆಯ ಮೇಲೆ ತೊಟ್ಟಿಕ್ಕಿದ ಪ್ರಕರಣ ಮೊದಲು ಬಂತು. ಶಿವಲಿಂಗಪ್ಪನವರು ಎ.ಸಿ.ಯನ್ನು ಸಾಕಿದ ಪ್ರಾಣಿಯೆಂದು ಪರಿಗಣಿಸಿ ತೀರ್ಪು ಕೊಟ್ಟರು. ಸಂಡಿಗೆಯವರು ಗೆದ್ದರು. ಅಂದಿನಿಂದ ಸಂಜೆಯ ಪಾಠದ ಹೊತ್ತಿಗೆ ಜನ ಬರತೊಡಗಿದರು. ಪಾರ್ಕಿಂಗಿನವರು, ಬಾಡಿಗೆದಾರರು, ನಾಯಿಯವರು, ನಾಯಿ ಕಚ್ಚಿದವರು. ಲಾವಣ್ಯಾ ಪುಸ್ತಕ ಬೋರಲು ಹಾಕಿ ಕಾಫಿ ಮಾಡಿದಳು.

“ಈಗ ನೀನೇನು ಮಾಡ್ತಿದ್ದೀಯಮ್ಮಾ?” ಎಂದು ಕಪ್ಪು ತೆಗೆದುಕೊಳ್ಳುತ್ತ ಸತ್ಯಮೂರ್ತಿ ಕೇಳಿದರು.

“ಲಾ ಎಂಟ್ರೆನ್ಸಿಗೆ ಓದ್ತಿದ್ದೀನಿ ಅಂಕುಲ್.”

“ಒಳ್ಳೆಯದು, ಒಳ್ಳೆಯದು. ಅಪ್ಪನಿಗೆ ಸಹಾಯವಾಗುತ್ತೆ.”

ಒಂದು ರಾತ್ರಿ ಊಟಕ್ಕೆ ಕೂತಾಗ ಮಂಗಳಾಗೌರಿ ಕೇಳಿದರು. “ಏನ್ರೀ, ಆಕಿ ಯಾವಾಗ ಓದಬೇಕು?”

“ನಾ ಓದಾಕತ್ತೀನಲ್ಲ?” ಎಂದರು ಶಿವಲಿಂಗಪ್ಪನವರು, ತುಂಬು ಪ್ರಾಮಾಣಿಕತೆಯಿಂದ.

ವಿಶಾಖಪಟ್ಟಣದಲ್ಲೇ ಬರೆದರೆ ಪರೀಕ್ಷೆಯ ದಿನವೂ ಕಕ್ಷಿದಾರರು ಬಿಡುವುದಿಲ್ಲವೆಂದು ಇಬ್ಬರಿಗೂ ವಿಜಯವಾಡದ ಕೇಂದ್ರಗಳನ್ನು ಬೇಡಿದರು. ಅಲ್ಲಿ ಮಂಗಳಾಗೌರಿಯ ತಂಗಿಯ ಗಂಡ ಫಣೀಂದ್ರ ಇದ್ದ. ತೆಲುಗಿನವನು, ಆಟೋನಗರ್‌ನಲ್ಲಿ ಲಾರಿಗಳಿಗೆ ಬಾಡಿ ಕಟ್ಟುವವನು. ಷಡ್ಡಕನ ಮೇಲೆ ಅವನಿಗೆ ಎಷ್ಟು ಗೌರವವೆಂದರೆ, ಅವರು ಬಂದ ದಿನ ವರ್ಕ್‌ಶಾಪಿನಲ್ಲಿ ಸುತ್ತಿಗೆಯ ಸದ್ದು ನಿಲ್ಲಿಸಿದ. ಕೆಲಸ ನಿಂತಿದ್ದರಿಂದ ಬಿಡುವಾದ ಬಡಗಿಗಳು, ವೆಲ್ಡರುಗಳು, ಪೇಂಟರುಗಳೆಲ್ಲ ಲಾಯರ್ ಗಾರನ್ನು ನೋಡಲು ಮನೆಗೆ ಬಂದು ಮಾತಾಡುತ್ತ ಕೂತರು.

ಪರೀಕ್ಷೆ ಮಧ್ಯಾಹ್ನ. ಬೆಳಿಗ್ಗೆ ಅಂಗಳದಲ್ಲಿ ಹೊಸ ಬಾಡಿಯ ಲಾರಿಯೊಂದು ಹೂವಿನ ಹಾರ ಹಾಕಿಕೊಂಡು ನಿಂತಿತ್ತು. ಚಕ್ರಗಳ ಕೆಳಗೆ ನಿಂಬೆಹಣ್ಣು. ಹೊಸ ಗಾಡಿಯ ಮೊದಲ ಸವಾರಿ ಶುಭದ ಮನುಷ್ಯನದ್ದಾಗಬೇಕು ಎಂಬುದು ಫಣೀಂದ್ರನ ವರ್ಕ್‌ಶಾಪಿನ ಪದ್ಧತಿ. ಸಾಮಾನ್ಯವಾಗಿ ಪೂಜಾರಿಯನ್ನು ಕೂರಿಸುತ್ತಿದ್ದ.

“ಅನ್ನಯ್ಯಾ, ಇವತ್ತು ನೀವೇ. ನೇರ ಪರೀಕ್ಷೆಯ ಬಾಗಿಲಿಗೆ ಬಿಡ್ತೀನಿ.”

“ಬಾಬಾಯ್, ನಾನು ಆಟೋದಲ್ಲಿ ಹೋಗ್ತೀನಿ,” ಎಂದಳು ಲಾವಣ್ಯಾ ಚಿಕ್ಕಪ್ಪನಿಗೆ. ಅವಳ ಕೇಂದ್ರ ಊರಿನ ಇನ್ನೊಂದು ತುದಿಯಲ್ಲಿತ್ತು.

ಫಣೀಂದ್ರನಿಗೆ ನೋವಾಯಿತು. “ಮನೇಲಿ ಲಾರಿ ಇಟ್ಟುಕೊಂಡು ಆಟೋದಲ್ಲಿ ಹೋಗೋದಾ ತಲ್ಲೀ? ಜನ ಏನಂತಾರೆ?”

ಮೂವರೂ ಕ್ಯಾಬಿನ್ನಿಗೆ ಹತ್ತಿದರು. ನಿಂಬೆಹಣ್ಣುಗಳು ಅಪ್ಪಚ್ಚಿಯಾದವು. ಹಗಲಿನಲ್ಲಿ ಲಾರಿ ಹೋಗಬಾರದ ರಸ್ತೆಯೊಂದರ ತಿರುವಿನಲ್ಲಿ ಟ್ರಾಫಿಕ್ ಕಾನ್‌ಸ್ಟೇಬಲ್ ಕೈಯೆತ್ತಿದ. ಫಣೀಂದ್ರ ತಲೆ ಹೊರಹಾಕಿ, “ಒಳಗೆ ಲಾಯರ್ ಗಾರು ಇದ್ದಾರಂಡಿ,” ಎಂದ.

ಕಾನ್‌ಸ್ಟೇಬಲ್ ಒಳಗೆ ಇಣುಕಿದ. ಇಸ್ತ್ರಿಯ ಬಿಳಿ ಅಂಗಿ, ಒಪ್ಪವಾಗಿ ಬಾಚಿದ ಕೂದಲು, ಪಕ್ಕದಲ್ಲಿ ಜೂನಿಯರ್ ಇರಬಹುದಾದ ಹುಡುಗಿ. ಸೆಲ್ಯೂಟ್ ಹೊಡೆದ. ಹೊಡೆದವನು ದಾರಿ ಬಿಡಬೇಕಲ್ಲ? ಬಿಡಲಿಲ್ಲ. ಫುಟ್‌ಬೋರ್ಡ್ ಹತ್ತಿ ನಿಂತ.

“ಸಾರ್, ದೇವರೇ ಕಳಿಸಿದ ಹಾಗೆ ಬಂದಿರಿ. ಊರಲ್ಲಿ ನಮ್ಮ ಬಾಮೈದ ನಮ್ಮ ಜಾಗದೊಳಕ್ಕೆ ಮೆಟ್ಟಿಲು ಕಟ್ಟಿಸಿದ್ದಾನೆ. ಮೆಟ್ಟಿಲು ನಮ್ಮ ಕಡೆ, ಹತ್ತೋದು ಅವನ ಮನೆಗೆ.”

ನಾನು ಲಾಯರಲ್ಲ, ಲಾಯರಾಗುವ ಪರೀಕ್ಷೆಗೆ ಹೊರಟವನು, ದಾರಿ ಬಿಡು ಎಂದು ಹೇಳಲು ಉಸಿರೊಂದು ಸಾಕಿತ್ತು. ಚರಿತ್ರೆಯಲ್ಲಿ ಇಂಥ ಉಸಿರುಗಳನ್ನು ಎಷ್ಟೋ ದೊಡ್ಡವರು ಉಳಿತಾಯ ಮಾಡಿದ್ದಾರೆ. ಸೆಲ್ಯೂಟ್ ಹೊಡೆಸಿಕೊಂಡು ಶಿವಲಿಂಗಪ್ಪನವರಿಗೆ ಬಹಳ ಕಾಲವಾಗಿತ್ತು. ಇಷ್ಟಕ್ಕೂ ಜೀವನವಿಡೀ ಹೊಡೆದವರೇ ಹೊರತು ಹೊಡೆಸಿಕೊಂಡವರಲ್ಲ.

“ಮೆಟ್ಟಿಲು ಕಟ್ಟುವಾಗ ನೀವು ಊರಲ್ಲಿದ್ದಿರಾ?” ಎಂದು ಕೇಳಿದರು, ಗಲ್ಲ ಸವರುತ್ತ.

“ಅಪ್ಪಾ, ಗೇಟ್ ಮುಚ್ಚುತ್ತಾರೆ.”

“ಒಂದ್ ನಿಮಿಷ ತಡಿ ಅವ್ವಿ. ಮೆಟ್ಟಿಲದ ವಿಷಯ ಐತಿ.”

ಮೆಟ್ಟಿಲು ಬಾಮೈದನಿಂದ ಅತ್ತೆಗೂ, ಅತ್ತೆಯಿಂದ ಎಂದೋ ಹಾಕಿದ ಅಡಿಪಾಯಕ್ಕೂ ಇಳಿಯಿತು. ಹಿಂದೆ ನಿಂತ ವಾಹನಗಳೆಲ್ಲ ಹಾರನ್ ಹೊಡೆಯತೊಡಗಿದಾಗ ಕಾನ್‌ಸ್ಟೇಬಲ್ ಇಳಿದು, ಅವರಿಗೆಲ್ಲ ಗದರಿಸಿ, ಲಾಯರ್ ಗಾರ ಲಾರಿಗೆ ರಾಜಮಾರ್ಗ ಮಾಡಿಕೊಟ್ಟ.

ಹಿರಿಯರು ಮೊದಲು. ಅದನ್ನು ಚರ್ಚಿಸುವ ಅಗತ್ಯವೇ ಯಾರಿಗೂ ಕಾಣಲಿಲ್ಲ. ಶಿವಲಿಂಗಪ್ಪನವರನ್ನು ಅವರ ಕೇಂದ್ರದಲ್ಲಿ ಇಳಿಸಿ, ಫಣೀಂದ್ರ ಅವರ ಕಾಲಿಗೆ ನಮಸ್ಕರಿಸಿ, ಆಮೇಲೆ ಲಾರಿ ತಿರುಗಿಸಿದ. ಊರು ದಾಟಿ ಅವಳ ಕೇಂದ್ರದ ಹತ್ತಿರದ ಸಿಗ್ನಲ್ಲಿನಲ್ಲಿ ಲಾರಿ ಸಿಕ್ಕಿಕೊಂಡಾಗ ಲಾವಣ್ಯಾ ಬಾಗಿಲು ತೆಗೆದು ಧುಮುಕಿ ಓಡಿದಳು. ಮುಚ್ಚುತ್ತಿದ್ದ ಗೇಟಿನ ಸಂದಿಯಲ್ಲಿ ಕೊನೆಯವಳಾಗಿ ನುಗ್ಗಿದಳು. ಉಸಿರು ಹದಕ್ಕೆ ಬಂದು, ಕಂಪ್ಯೂಟರಿನ ತೆರೆಯ ಮೇಲಿನ ಅಕ್ಷರಗಳು ಅಕ್ಷರಗಳಾಗಿ ಕಾಣುವ ಹೊತ್ತಿಗೆ ಅರ್ಧ ಪರೀಕ್ಷೆ ಅವಳನ್ನು ಬಿಟ್ಟು ಮುಂದೆ ಹೋಗಿತ್ತು.

“ಹೆಂಗ ಬರದಿ?” ಎಂದು ಸಂಜೆ ಅಪ್ಪ ಕೇಳಿದರು.

“ಪರ್ವಾಲೇದು ಅಪ್ಪಾ,” ಎಂದಳು.

ಫಲಿತಾಂಶ ಬಂದಾಗ ಶಿವಲಿಂಗಪ್ಪನವರು ಮೊದಲ ಸಾಲಿನವರ ಜೊತೆಯಲ್ಲಿದ್ದರು. ಲಾವಣ್ಯಾಳ ರ‍್ಯಾಂಕು ಎಲ್ಲೋ ಹಿಂದೆ, ಸರಕಾರಿ ಕಾಲೇಜಿನ ಕಣ್ಣಿಗೆ ಬೀಳದಷ್ಟು ದೂರದಲ್ಲಿತ್ತು. ಅಪ್ಪ ಅರ್ಧ ಊರಿಗೆ ಸಿಹಿ ಹಂಚಿ ಬಂದು, ಕೋಣೆಯ ಬಾಗಿಲು ಹಾಕಿಕೊಂಡಿದ್ದ ಮಗಳನ್ನು ಹೊರಗೆ ಕರೆದರು.

“ಯಾಕ ಅಳತಿ? ಬಂದೈತಲ್ಲ ರ‍್ಯಾಂಕು.”

“ನಿಮಗೆ ಬಂದಿದೆ ಅಪ್ಪಾ. ಸಂತೋಷವೇ.” ಅವಳು ನಿಜವಾಗಿಯೂ ನಗಲು ನೋಡಿದಳು.

“ನನಗ ಬಂದ್ರೇನು, ನಿನಗ ಬಂದ್ರೇನು,” ಎಂದರು ಅವರು. ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಸಾಧ್ಯವಿಲ್ಲವೆಂದು ಅವರಿಗೆ ಅನಿಸಿತ್ತು. ಅವಳು ಅದನ್ನು ಅಪ್ಪಂದಿರು ಆಡುವ ಸಮಾಧಾನದ ಮಾತೆಂದುಕೊಂಡಳು.

ಎರಡು ದಿನ ಬಿಟ್ಟು ಅವಳೇ ಬಂದು ನಿಂತಳು. “ಅಪ್ಪಾ, ಸೈನಿಕರ ಮಕ್ಕಳ ಕೋಟಾ ಇದೆಯಂತೆ. ಶುಕ್ರವಾರ ವಿಜಯವಾಡದಲ್ಲಿ ವೆರಿಫಿಕೇಷನ್. ನಿಮ್ಮ ಸರ್ವಿಸ್ ಕಾಗದ ತಗೊಂಡು ನೀವು ಜೊತೆಗೆ ಬರಬೇಕು.”

ಶುಕ್ರವಾರ ಅಪಾರ್ಟ್‌ಮೆಂಟಿನಲ್ಲಿ ಅವರಿಗೆ ಸನ್ಮಾನವಿತ್ತು. ಅದಿಲ್ಲದಿದ್ದರೂ ಅವರು ಬರುತ್ತಿರಲಿಲ್ಲವೇನೋ.

“ಕೋಟಾ ಗೀಟಾ ರ‍್ಯಾಂಕ್ ಇಲ್ಲದವರಿಗೆ. ನಿಂದು ಆಗೇತಿ, ಸುಮ್ಮನಿರು.”

“ಆಗಿದೆ ಅಂದರೆ ಹೇಗೆ ಅಪ್ಪಾ?”

“ನೋಡತಿರು,” ಎಂದು ಕಣ್ಣು ಮಿಟುಕಿಸಿದರು. ಮಗಳಿಗೆ ಒಮ್ಮೆಲೇ ಕೊಟ್ಟು ಬೆರಗು ಮಾಡಬೇಕೆಂಬ ಆಸೆ. ಅಪ್ಪ ಯಾರೋ ದೊಡ್ಡ ಅಧಿಕಾರಿಯ ಹತ್ತಿರ ಮಾತಾಡಿರಬೇಕೆಂದು ಲಾವಣ್ಯಾ ನಂಬಿದಳು. ನಂಬುವುದು ಅವಳಿಗೆ ರೂಢಿಯಾಗಿತ್ತು.

ಶುಕ್ರವಾರ ಶಾಲು ಹೊದಿಸಿದರು. ವಯಸ್ಸು ಕೇವಲ ಒಂದು ಸಂಖ್ಯೆ ಎಂದು ಸತ್ಯಮೂರ್ತಿ ಭಾಷಣ ಮಾಡಿದರು. ಪತ್ರಿಕೆಯ ಸ್ಥಳೀಯ ಪುಟದಲ್ಲಿ ಫೋಟೋ ಬಂತು. ಅದರ ಒಂದು ಅಂಚಿನಲ್ಲಿ ಕಾಫಿ ಟ್ರೇ ಹಿಡಿದ ಮೊಣಕೈಯೊಂದು ಕಾಣುತ್ತದೆ. ಅದು ಲಾವಣ್ಯಾಳದ್ದು.

ಮುಂದಿನ ವಾರ ಶಿವಲಿಂಗಪ್ಪನವರು ಮಗಳನ್ನೂ, ಅರ್ಜಿಗಳ ವಿಷಯದಲ್ಲಿ ಅನುಭವಿಯೆಂದು ಸತ್ಯಮೂರ್ತಿಯವರನ್ನೂ ಕರೆದುಕೊಂಡು ವಿಜಯವಾಡದ ರೈಲು ಹತ್ತಿದರು. ಪ್ರವೇಶದ ಕಚೇರಿಯಲ್ಲಿ ಸೀತಾಮಹಾಲಕ್ಷ್ಮಿ ಎಂಬ ಅಧಿಕಾರಿಣಿಯ ಮುಂದೆ, ನೌಕಾಪಡೆಯ ಶಿಸ್ತಿನಲ್ಲಿ ಟೈಪು ಮಾಡಿಸಿದ ಅರ್ಜಿಯನ್ನಿಟ್ಟು ಅಟೆನ್‌ಷನ್‌ನಲ್ಲಿ ನಿಂತರು.

ಆಕೆ ಓದಿದರು. ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು. ಆಮೇಲೆ ಪಕ್ಕದ ಮೇಜಿನವರಿಗೆ ಕೇಳುವಂತೆ ದನಿಯೆತ್ತಿ ಓದಿದರು. “ವಿಷಯ: ನನ್ನ ಹೆಸರಿನಲ್ಲಿರುವ ರ‍್ಯಾಂಕನ್ನು ನನ್ನ ಅವಲಂಬಿತ ಪುತ್ರಿಗೆ ವರ್ಗಾಯಿಸಿಕೊಡುವ ಬಗ್ಗೆ.”

ಪಕ್ಕದ ಮೇಜಿನವನು ನಗಲೆಂದು ಬಾಯಿ ತೆರೆದು, ನಿಂತಿದ್ದವರ ಮುಖ ನೋಡಿ ಮುಚ್ಚಿಕೊಂಡ.

“ಇದು ಆಗುತ್ತೆ ಅಂತ ನಿಮಗೆ ಯಾರು ಹೇಳಿದರು ಅಂಡಿ?”

ಶಿವಲಿಂಗಪ್ಪನವರು ಸತ್ಯಮೂರ್ತಿಯವರ ಕಡೆ ನೋಡಿದರು. ಸತ್ಯಮೂರ್ತಿ ಗೋಡೆಯ ಕ್ಯಾಲೆಂಡರನ್ನು ಗಮನವಿಟ್ಟು ಓದುತ್ತಿದ್ದರು.

“ಎಲ್ಲದಕ್ಕೂ ಇರುತ್ತಲ್ಲ ಮೇಡಂ. ಪಿಂಚಣಿಗೆ ನಾಮಿನಿ ಇದೆ. ಆಸ್ಪತ್ರೆಗೆ ಇದೆ. ಇವಳು ನನ್ನ ಡಿಪೆಂಡೆಂಟ್. ಕಾರ್ಡು ತಂದಿದ್ದೀನಿ.”

“ಪರೀಕ್ಷೆ ಬರೆದ ತಲೆ ಯಾರದೋ, ಸೀಟು ಅವರದ್ದು. ತಲೆಗೆ ನಾಮಿನಿ ಇಲ್ಲ ಸಾರ್.”

“ತಲೆ ನನ್ನದೇ ಮೇಡಂ. ಅದರೊಳಗೆ ಇರೋದೆಲ್ಲ ಇವಳು ತುಂಬಿಸಿದ್ದು. ದಿನಾ ಸಂಜೆ.” ಅವರ ತೆಲುಗು ತಡವರಿಸಿತು. “ನಾನು ಓದಬೇಕು ಅಂತ ಬರೆದದ್ದೇ ಅಲ್ಲ. ಇವಳಿಗೆ ಅಂತ ಬರೆದೆ.”

ಲಾವಣ್ಯಾ ತಿರುಗಿ ಅಪ್ಪನನ್ನು ನೋಡಿದಳು. ಮೇಜು, ಕುಕ್ಕರು, ಕಾಫಿ, ಲಾರಿ, ಕಣ್ಣು ಮಿಟುಕಿಸಿದ್ದು. ಎಲ್ಲ ಒಂದೊಂದಾಗಿ ಅವಳ ಮುಖದ ಮೇಲೆ ಹಾದುಹೋದವು.

ಅರ್ಜಿಗೆ ಲಗತ್ತಿಸಿದ್ದ ಲಾವಣ್ಯಾಳ ರ‍್ಯಾಂಕು ಕಾರ್ಡು ನೋಡಿ ಸೀತಾಮಹಾಲಕ್ಷ್ಮಿಯವರ ದನಿ ಇಳಿಯಿತು. “ನೇವಿಯಲ್ಲಿದ್ದಿರಲ್ಲ ಸಾರ್, ಸೈನಿಕರ ಮಕ್ಕಳ ಕೋಟಾಕ್ಕೆ ಯಾಕೆ ಬರಲಿಲ್ಲ? ಇದೇ ಕಟ್ಟಡದಲ್ಲಿತ್ತು. ಈ ಹುಡುಗಿಯ ರ‍್ಯಾಂಕಿಗೆ ಅದರಲ್ಲಿ ಸೀಟು ಸಿಗುತ್ತಿತ್ತು. ಶುಕ್ರವಾರಕ್ಕೆ ಮುಗಿದುಹೋಯಿತು.”

ತಮಗೆ ಉತ್ತರ ಗೊತ್ತಿರುವ ಪ್ರಶ್ನೆ ಕೊನೆಗೂ ಒಂದು ಬಂತೆಂದು ಸತ್ಯಮೂರ್ತಿ ಕ್ಯಾಲೆಂಡರಿನಿಂದ ತಿರುಗಿದರು.

“ಶುಕ್ರವಾರ ಇವರಿಗೆ ಸನ್ಮಾನ ಇತ್ತಂಡಿ,” ಎಂದರು.

ಹಿಂತಿರುಗುವ ರೈಲಿನಲ್ಲಿ ಶಿವಲಿಂಗಪ್ಪನವರು ಹಲವು ಸಲ ಬಾಯಿ ತೆರೆದರು. ಪ್ರತಿ ಸಲವೂ ಚಹಾದವನೋ ಸಮೋಸಾದವನೋ ಬಂದು ಅವರನ್ನು ಕಾಪಾಡಿದ. ಗೋದಾವರಿಯ ಸೇತುವೆ ದಾಟುವಾಗ ಲಾವಣ್ಯಾಳೇ ಮಾತಾಡಿದಳು.

“ಮೊದಲೇ ಒಂದು ಮಾತು ಹೇಳಬಾರದಿತ್ತಾ ಅಪ್ಪಾ?”

“ನಿನಗ ಗೊತ್ತೈತಿ ಅಂತ ತಿಳದಿದ್ದೆ.”

ಸೇತುವೆ ಉದ್ದ. ಅದು ಮುಗಿಯುವವರೆಗೆ ಅವಳು ಕಿಟಕಿಯ ಕಡೆಯೇ ನೋಡಿದಳು.

“ನೀವಾದರೂ ಸೇರಿ,” ಎಂದಳು ಆಮೇಲೆ. “ಸೀಟು ವೇಸ್ಟ್ ಆಗಬಾರದು ಕದಾ.”

ಮಂಗಳಾಗೌರಿ ಎಲ್ಲ ಕೇಳಿದ ಮೇಲೆ ಗಂಡನಿಗೆ ಬೈಯಲಿಲ್ಲ. ತಟ್ಟೆ ಇಟ್ಟು, ಅನ್ನ ಬಡಿಸಿ, ಸಾರು ಬಡಿಸುವುದನ್ನು ಮರೆತು ಒಳಗೆ ಹೋದರು. ಶಿವಲಿಂಗಪ್ಪನವರು ಬರಿ ಅನ್ನ ಉಂಡು ಎದ್ದರು.

ಲಾವಣ್ಯಾ ಋಷಿಕೊಂಡಕ್ಕೆ ಹೋಗತೊಡಗಿದಳು. ಕಂಪನಿಯ ವ್ಯಾನು ಕೋರ್ಟಿನ ದಾರಿಯಲ್ಲಿ ಹೋಗುವುದಿಲ್ಲ.

ಕಾಲೇಜು ಶುರುವಾದ ದಿನ ಮಂಗಳಾಗೌರಿ ಇಸ್ತ್ರಿ ಮಾಡಿಟ್ಟ ಅಂಗಿ ತೊಟ್ಟು, ಮಗಳ ಹಳೆಯ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಶಿವಲಿಂಗಪ್ಪನವರು ಹೊರಟರು. ಮೊದಲ ವರ್ಷದ ತರಗತಿಯ ಬಾಗಿಲಲ್ಲಿ ಹುಡುಗ ಹುಡುಗಿಯರ ಗುಂಪು. ಅವರ ಹಿಂದೆ ನೀರಿನ ಬಾಟಲಿ, ಟಿಫಿನ್ ಡಬ್ಬಿ ಹಿಡಿದ ತಂದೆ ತಾಯಿಯರು. ಅಟೆಂಡರ್ ಕೈ ಅಡ್ಡ ಹಿಡಿದು ಕೂಗಿದ.

“ಪೇರೆಂಟ್ಸ್ ಎಲ್ಲ ಹೊರಗೆ ಕೂತ್ಕೋಬೇಕಂಡಿ. ಒಳಗೆ ಬರೋ ಹಾಗಿಲ್ಲ.”

ಶಿವಲಿಂಗಪ್ಪನವರು ಒಂದು ಕ್ಷಣ ನಿಂತರು. ಜೇಬಿನಲ್ಲಿ ಕಾಲೇಜಿನ ಗುರುತಿನ ಚೀಟಿ ಇತ್ತು. ತೋರಿಸಿದ್ದರೆ ಮುಗಿಯುತ್ತಿತ್ತು. ಅವರು ತಿರುಗಿ ಉಳಿದ ತಂದೆಯರ ಜೊತೆ ಮೆಟ್ಟಿಲಿಳಿದು, ಬಾದಾಮಿ ಮರದ ಕೆಳಗಿನ ಕಲ್ಲುಬೆಂಚಿನಲ್ಲಿ ಕೂತರು. ಪಕ್ಕದಲ್ಲಿ ಶ್ರೀಕಾಕುಳಂ ಕಡೆಯಿಂದ ಬಂದಿದ್ದ ಲಿಂಗರಾಜು ಎಂಬವರು ತಮ್ಮ ಪರಿಚಯ ಹೇಳಿಕೊಂಡು, ಮಗನ ಟಿಫಿನ್ ಡ‌ಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡರು.

ತೆರೆದ ಕಿಟಕಿಯಿಂದ ಹಾಜರಿ ಕೇಳಿಸುತ್ತಿತ್ತು. ಹೆಸರು, ಎಳೆಯ ದನಿಯೊಂದು ಓಗೊಡುವುದು, ಮತ್ತೆ ಹೆಸರು.

“ಶಿವಲಿಂಗಪ್ಪ.”

ದನಿಯಿಲ್ಲ.

“ಶಿವಲಿಂಗಪ್ಪ ಬಂದಿದ್ದಾನಾ?”

ಒಳಗೆ ಯಾರೋ ನಕ್ಕರು. ಮೇಷ್ಟರು ಮುಂದಿನ ಹೆಸರಿಗೆ ಹೋದರು.

“ನೋಡಿದಿರಾ ಸಾರ್?” ಎಂದರು ಲಿಂಗರಾಜು. “ಮೊದಲ ದಿನವೇ ಚಕ್ಕರ್. ಇಂಥವರು ಯಾಕಾದರೂ ಸೀಟು ಹಿಡಿತಾರೋ. ಪಾಪ, ಓದೋ ಮಕ್ಕಳು ಯಾರಿಗೋ ಸಿಗಬೇಕಿತ್ತು ಅದು.”

“ಹೌದು,” ಎಂದರು ಶಿವಲಿಂಗಪ್ಪನವರು.

“ನಿಮ್ಮವರು ಯಾರು ಇಲ್ಲಿ?”

ಶಿವಲಿಂಗಪ್ಪನವರು ಬ್ಯಾಗನ್ನು ಹೆಗಲಿನಿಂದ ಇಳಿಸಿ ಮಡಿಲಲ್ಲಿಟ್ಟುಕೊಂಡರು.

“ಮಗಳು,” ಎಂದರು. “ಒಳಗಿದ್ದಾಳೆ.”